ಜಲ್ಲಿ ಮಿಷನ್ ಹತ್ತಿರ ಮನೆ ಮಾರಾಟಕ್ಕಿದೆ

ನಮ್ಮ ಅತ್ತೆಗೆ ಪಿಸುಗುಟ್ಟಲು ಬರುವುದಿಲ್ಲ. ಲೋಕದಲ್ಲಿ ಈಜು ಬಾರದವರಿದ್ದಾರೆ, ಲೆಕ್ಕ ಬಾರದವರಿದ್ದಾರೆ, ಸೈಕಲ್ಲು ಹೊಡೆಯಲು ಬಾರದೆ ಐವತ್ತು ದಾಟಿದ ನನ್ನಂಥವರೂ ಇದ್ದಾರೆ. ಅವರೆಲ್ಲ ಹೇಗೋ ಮರ್ಯಾದೆಯಿಂದ ಬದುಕಿಕೊಂಡು ಹೋಗುತ್ತಾರೆ. ಪಿಸುಗುಟ್ಟಲು ಬಾರದಿರುವುದೂ ಅಂಥದ್ದೇ ಒಂದು ಸಣ್ಣ ಕೊರತೆ ಎಂದು ಮದುವೆಯಾಗಿ ಬಂದಾಗಿನಿಂದ ನಾನು ತಿಳಿದುಕೊಂಡಿದ್ದೆ. ಅದು ಅಷ್ಟು ಸಣ್ಣದಲ್ಲ ಎಂದು ಗೊತ್ತಾದದ್ದು ನಾವು ಮನೆ ಮಾರಲು ಹೊರಟಾಗ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಮನೆ ಮಾರಿ ನೋಡು ಎಂದು ಯಾಕೆ ಹೇಳಲಿಲ್ಲವೋ ತಿಳಿಯದು. ಪಾಪ, ಅವರ ಕಾಲದಲ್ಲಿ ಫ್ಲ್ಯಾಟುಗಳಿರಲಿಲ್ಲ.

ನಮ್ಮ ಮನೆ ಇದ್ದದ್ದು ಪೀಣ್ಯದ ಬೆನ್ನಿಗೆ, ರಾಜಗೋಪಾಲನಗರ ದಾಟಿ ಸ್ವಲ್ಪ ಮುಂದೆ, ಜಲ್ಲಿ ಮಿಷನ್ ಸ್ಟಾಪಿನಲ್ಲಿ. ನೀವು ಇಲ್ಲಿಗೆ ಬಂದು ಮಿಷನ್ ಎಲ್ಲಿ ಎಂದು ಹುಡುಕಬೇಡಿ. ಅದು ನಿಂತುಹೋಗಿ ಎಷ್ಟೋ ಕಾಲವಾಯಿತು. ಮೊದಲು ಇಲ್ಲೊಂದು ಕಲ್ಲುಗುಡ್ಡವಿತ್ತು. ಗುಡ್ಡಕ್ಕೆ ಮದ್ದಿಟ್ಟು ಸಿಡಿಸಿ, ಬಂಡೆಗಳನ್ನು ಈ ಮಿಷನ್ನಿನ ಬಾಯಿಗೆ ಹಾಕಿದರೆ ಅದು ಕಡಕಡ ಅಗಿದು ಜಲ್ಲಿ ಉಗುಳುತ್ತಿತ್ತು. ಊರು ಬೆಳೆಯಿತು, ಗುಡ್ಡ ಕರಗಿತು. ಗುಡ್ಡ ಮುಗಿದ ಮೇಲೂ ನಮ್ಮ ಜನ ಬಿಡದೆ ಅಗೆದದ್ದರಿಂದ ಅಲ್ಲೊಂದು ದೊಡ್ಡ ಗುಂಡಿಯಾಯಿತು. ಗುಂಡಿಯಲ್ಲಿ ಮಳೆನೀರು ನಿಂತು ಹೊಂಡವಾಯಿತು. ಹೊಂಡದ ಸುತ್ತ ತಂತಿಬೇಲಿ ಹಾಕಿ, ಪಕ್ಕದಲ್ಲಿ ಮೂರು ಮಹಡಿ ಎಬ್ಬಿಸಿದ ಬಿಲ್ಡರು ತನ್ನ ಬಣ್ಣದ ಕಾಗದದಲ್ಲಿ ಅದನ್ನು ‘ಲೇಕ್ ವ್ಯೂ’ ಎಂದು ಕರೆದ. ಬೆಟ್ಟ ಅಗೆದು ಇಲಿ ಹಿಡಿದರು ಎಂದು ಗಾದೆ. ಇಲ್ಲಿಯವರು ಬೆಟ್ಟ ಅಗೆದು ಫ್ಲ್ಯಾಟ್ ಹಿಡಿದರು. ಅದರಲ್ಲಿ ಮೂರನೆಯ ಮಹಡಿಯ, ಎರಡು ರೂಮಿನ ಒಂದನ್ನು ನಾವೂ ಹಿಡಿದೆವು.

ಕಳೆದುಹೋದ ಗುಡ್ಡದ ಬಗ್ಗೆ ನಮ್ಮತ್ತೆ ಗೌರಮ್ಮನವರಿಗೆ ದುಃಖವೇನೂ ಇಲ್ಲ. ಅವರ ಲೆಕ್ಕದಲ್ಲಿ ಅದು ಕಳೆದಿಲ್ಲ, ಹಂಚಿಹೋಗಿದೆ ಅಷ್ಟೆ. ಆಟೋದಲ್ಲಿ ಮೇಲುಸೇತುವೆ ಹತ್ತಿದ ಕೂಡಲೇ ಹೊರಗೆ ಬಗ್ಗಿ, “ಇದು ನಮ್ದೇ ಕಣವ್ವ, ನಮ್ ಗುಡ್ಡದ್ ಜಲ್ಲಿ” ಎನ್ನುತ್ತಾರೆ. ಯಾರದಾದರೂ ಗೃಹಪ್ರವೇಶಕ್ಕೆ ಹೋದರೆ ಗೋಡೆಯನ್ನು ನೆಂಟರ ಮಗುವಿನ ಹಾಗೆ ತಟ್ಟಿ ಬರುತ್ತಾರೆ. ಅರ್ಧ ಬೆಂಗಳೂರು ಅವರ ಬಂಧುಬಳಗ.

ಆದರೆ ಮಿಷನ್ನು ಹೋದರೂ ಅದರ ಸದ್ದು ಇಲ್ಲಿಯ ಹಳಬರ ಗಂಟಲಲ್ಲಿ ಉಳಿದುಕೊಂಡಿದೆ. ಬೆಳಗಿನಿಂದ ಸಂಜೆಯವರೆಗೆ ಕಲ್ಲು ಅಗಿಯುವ ಸದ್ದಿನ ನಡುವೆ ಮಕ್ಕಳನ್ನು ಊಟಕ್ಕೆ ಕರೆದವರು, ಸಾಲ ಕೇಳಿದವರು, ಸರಸವಾಡಿದವರು ಅವರು. ಮಾತು ಎದುರಿನವರ ಕಿವಿ ಮುಟ್ಟಬೇಕಾದರೆ ಮೊದಲು ಮಿಷನ್ನನ್ನು ಸೋಲಿಸಬೇಕಾಗಿತ್ತು. ಮಿಷನ್ ನಿಂತ ಮೇಲೆ ದನಿ ಇಳಿಸಿ ಎಂದು ಅವರಿಗೆ ಯಾರೂ ಹೇಳಲಿಲ್ಲ, ಹೇಳಿದ್ದರೂ ಆ ಗಲಾಟೆಯಲ್ಲಿ ಕೇಳಿಸುತ್ತಿರಲಿಲ್ಲ. ಹಾಗಾಗಿ ಇಲ್ಲಿ ‘ಕಾಫಿ ಆಯ್ತಾ’ ಎಂಬ ಮಾತು ಹೊಸಬರಿಗೆ ‘ಕಳ್ಳ, ಕಳ್ಳ’ ಎಂದ ಹಾಗೆ ಕೇಳಿಸುತ್ತದೆ. ಇಂದಿಗೂ ಮಧ್ಯಾಹ್ನದ ಒಂದು ಹೊತ್ತಿಗೆ ಅತ್ತೆ ಮಾತನ್ನು ಅರ್ಧಕ್ಕೇ ನಿಲ್ಲಿಸಿ, ಒಂದು ಗಳಿಗೆ ಸುಮ್ಮನಿದ್ದು, ಆಮೇಲೆ ಮುಂದುವರಿಸುತ್ತಾರೆ. ಅದು ಗುಡ್ಡ ಸಿಡಿಸುತ್ತಿದ್ದ ಹೊತ್ತು. ಇಂಥ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ ನಮ್ಮವರು ಮಾತ್ರ ಮಿತಭಾಷಿ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರು. ಅವರ ಪಾಲಿನ ಮಾತನ್ನೂ ತಾಯಿಯೇ ಆಡಿಬಿಟ್ಟಿದ್ದರಿಂದ ಅವರಿಗೆ ಉಳಿದದ್ದು ‘ಹೂಂ’ ಒಂದೇ.

ಇಷ್ಟು ಚೆಂದದ ಮನೆಯನ್ನು ಯಾಕೆ ಮಾರಲು ಹೊರಟಿರಿ ಎಂದು ನೀವು ಕೇಳಬಹುದು. ಅತ್ತೆಯ ಮಂಡಿಗಾಗಿ. ನಮ್ಮ ಕಟ್ಟಡದಲ್ಲಿ ಲಿಫ್ಟಿನ ಜಾಗವಿದೆ, ಲಿಫ್ಟಿಲ್ಲ. ‘ಬರುತ್ತೆ, ಬರುತ್ತೆ’ ಎನ್ನುತ್ತಲೇ ಬಿಲ್ಡರು ಊರು ಬಿಟ್ಟ. ಆ ಜಾಗದಲ್ಲಿ ಈಗ ಸೈಕಲ್ಲುಗಳೂ ಖಾಲಿ ಸಿಲಿಂಡರುಗಳೂ ವಾಸವಾಗಿವೆ. ಮಂಡಿ ಹಿಡಿದುಕೊಂಡ ಮೇಲೆ ಅತ್ತೆ ಕೆಳಗಿಳಿಯುವುದು ಆಸ್ಪತ್ರೆಗೆ ಮಾತ್ರ ಎಂದಾಯಿತು. ಆಗ ಅವರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನಮ್ಮವರೂ ಪಕ್ಕದ ಮನೆಯವರೂ ಹೊತ್ತು ಇಳಿಸುತ್ತಿದ್ದರು. ಅತ್ತೆ ಪ್ರತಿ ಮಹಡಿಯಲ್ಲೂ ಉತ್ಸವಮೂರ್ತಿಯಂತೆ ನಿಂತು, ಬಾಗಿಲು ಬಾಗಿಲಿಗೂ ಕ್ಷೇಮಸಮಾಚಾರ ವಿಚಾರಿಸಿ ಮುಂದಕ್ಕೆ ಹೋಗುತ್ತಿದ್ದರು. ಹೊತ್ತವರ ಬೆನ್ನು ಏನಾಗುತ್ತಿತ್ತು ಎಂದು ಅವರು ಕೇಳುತ್ತಿರಲಿಲ್ಲ.

ಉಳಿದ ದಿನಗಳಲ್ಲಿ ಬಾಲ್ಕನಿಯೇ ಅವರ ಊರು. ಕೆಳಗೆ ಸೊಪ್ಪಿನ ನಾಗಮ್ಮನ ತಳ್ಳುಗಾಡಿ ಬಂದರೆ ಮೇಲಿನಿಂದಲೇ ಚೌಕಾಸಿ. ಹಗ್ಗಕ್ಕೆ ಕಟ್ಟಿದ ಬುಟ್ಟಿ ಇಳಿಯುತ್ತಿತ್ತು, ದಂಟಿನ ಸೊಪ್ಪು ಏರುತ್ತಿತ್ತು. ಹಾಗಿದ್ದರೂ ಸಂಜೆಯಾಯಿತೆಂದರೆ ಅವರ ಕಣ್ಣು ಎದುರು ಸಾಲಿನ ಮುನಿರಾಜಣ್ಣನ ಹಳೆಯ ಮನೆಯ ಜಗಲಿಯ ಮೇಲೆಯೇ ಇರುತ್ತಿತ್ತು. ನಮ್ಮ ಗುಡ್ಡದ ಕಲ್ಲಿನದೇ ಚಪ್ಪಡಿ ಹಾಸಿದ ಜಗಲಿ. ಮದುವೆಯಾಗಿ ಬಂದ ಹೊಸತರಲ್ಲಿ ಓರಗೆಯ ಹೆಂಗಸರೊಂದಿಗೆ ಅವರು ಅಲ್ಲೇ ಕೂತು ಕಡಲೆಕಾಯಿ ಬಿಡಿಸುತ್ತಿದ್ದರಂತೆ. “ಸಾಯೋದ್ರೊಳಗೆ ಒಂದ್ ದಪ ಆ ಜಗ್ಲಿ ಮ್ಯಾಲೆ ಕುಂತು ಕಡ್ಲೆಕಾಯಿ ತಿನ್‌ಬೇಕು ಕಣವ್ವ ವನಜ” ಎಂದು ಒಮ್ಮೆ ಅಂದರು. ಅವರು ನಗುತ್ತಲೇ ಅಂದದ್ದು, ನಾನು ಮಾತ್ರ ಅದನ್ನು ಆ ರಾತ್ರಿಯೇ ನಮ್ಮವರ ಕಿವಿಗೆ ಹಾಕಿದೆ.

ಮುನಿರಾಜಣ್ಣ ಮೊದಲಿನಿಂದ ಇಲ್ಲಿದ್ದ ರೈತ ಮನೆತನದವರು. ಈಗ ಬಾಡಿಗೆ ಮನೆಗಳ ಯಜಮಾನರು. ಆ ಜಗಲಿ ಮನೆಯನ್ನು ಮಾರುತ್ತಾರೆಂಬ ಸುದ್ದಿ ಸಂಕ್ರಾಂತಿಯ ಎಳ್ಳು ಬೆಲ್ಲದ ಜೊತೆಗೇ ಬಂತು. ನಮ್ಮವರು ಹೋಗಿ ಅಪರೂಪಕ್ಕೆ ಎರಡು ಪೂರ್ಣ ವಾಕ್ಯಗಳನ್ನು ಆಡಿದರು. ಮುನಿರಾಜಣ್ಣ ಕರಗಿದರು. “ಗೌರಕ್ಕಂಗೆ ಅಂದ್ರೆ ಬ್ಯಾಡ ಅಂತೀನಾ? ಯುಗಾದಿ ಗಂಟ ಬ್ಯಾರೆ ಯಾರ್ಗೂ ಕೊಡಾಕಿಲ್ಲ. ಅಷ್ಟ್ರಾಗೆ ನಿಮ್ದು ಮಾರ್ಕಂಡು ಬಂದ್ಬುಡಿ” ಎಂದರು. ನಮ್ಮ ಮನೆ ಮಾರಾಟವಾದರೆ ಜಗಲಿ, ಆಗದಿದ್ದರೆ ಬಾಲ್ಕನಿ. ವ್ಯವಹಾರ ಇಷ್ಟು ಸರಳವಾಗಿತ್ತು.

ಮನೆ ಮಾರಿಸಿಕೊಡಲು ಬಂದ ಬ್ರೋಕರು ಶಿವು ಚುರುಕು ಮನುಷ್ಯ. ಫೋಟೋ ತೆಗೆದ, ಹೊಂಡದ ಬೇಲಿಯ ಮೇಲೆ ಕೂತಿದ್ದ ಒಂದು ಬೆಳ್ಳಕ್ಕಿಯನ್ನೂ ಸೇರಿಸಿ ತೆಗೆದ, ಅಲ್ಲೇ ನಿಂತು ಇಂಗ್ಲಿಷಿನಲ್ಲಿ ಜಾಹೀರಾತು ಬರೆದು ಫೋನಿನಿಂದಲೇ ಲೋಕಕ್ಕೆ ಬಿಟ್ಟ. ಇಲ್ಲಿ ನಾನು ಸ್ವಲ್ಪ ಪಾಠ ಮಾಡಬೇಕಾಗುತ್ತದೆ, ಕ್ಷಮಿಸಿ. ಹೈಸ್ಕೂಲಿನ ಕನ್ನಡ ಮೇಡಂ ನಾನು. ಇಂಗ್ಲಿಷಿನ ‘ಮಷೀನು’ ಕನ್ನಡದ ಬಾಯಿಗೆ ಬಂದು ಮಿಷನ್ ಆಗಿದೆ. ಹೊಲಿಗೆ ಮಿಷನ್, ಹಿಟ್ಟಿನ ಮಿಷನ್, ಹಾಗೆಯೇ ಜಲ್ಲಿ ಮಿಷನ್. ಅದರಲ್ಲಿ ತಪ್ಪೇನಿಲ್ಲ, ಮನೆಗೆ ಬಂದ ಸೊಸೆಗೆ ಹೊಸ ಹೆಸರಿಡುವುದು ನಮ್ಮಲ್ಲಿ ಇದ್ದದ್ದೇ. ಆದರೆ ಶಿವು ನಮ್ಮ ಬಾಯಲ್ಲಿದ್ದದ್ದನ್ನು ಹಾಗೆಯೇ ಇಂಗ್ಲಿಷ್ ಅಕ್ಷರಕ್ಕಿಳಿಸಿ ‘ಜೆಲ್ಲಿ ಮಿಷನ್ ಹತ್ತಿರ’ ಎಂದು ಬರೆದಿದ್ದ. ಮರುದಿನದಿಂದ ಫೋನುಗಳು ಶುರುವಾದವು. ಒಬ್ಬಾಕೆ, ಆ ಮಿಷನ್ ಸ್ಕೂಲಿನಲ್ಲಿ ಎಲ್‌ಕೆಜಿಗೆ ಸೀಟು ಸಿಗುತ್ತದೆಯೇ ಎಂದರು. ಇನ್ನೊಬ್ಬರು ಭಾನುವಾರದ ಪ್ರಾರ್ಥನೆ ಎಷ್ಟು ಹೊತ್ತಿಗೆ ಎಂದು ಭಕ್ತಿಯಿಂದ ಕೇಳಿದರು. ಯಾವುದೋ ಮಗು ಅಪ್ಪನ ಫೋನು ಕಿತ್ತುಕೊಂಡು, “ಆಂಟಿ, ಅಲ್ಲಿ ಜೆಲ್ಲಿ ಮಾಡ್ತಾರಾ?” ಎಂದಿತು. ಮಾಡುತ್ತಿದ್ದರು ಕಂದ, ಅದನ್ನು ತಿಂದವರ ಹಲ್ಲು ಮಾತ್ರ ಉಳಿಯುತ್ತಿರಲಿಲ್ಲ ಎಂದೆ.

ಮನೆ ತೋರಿಸುವುದೂ ಹಿಂದಿನ ಕಾಲದ ಹೆಣ್ಣು ತೋರಿಸುವ ಶಾಸ್ತ್ರವೂ ಒಂದೇ. ಬೆಳಗ್ಗೆ ಎದ್ದು ಒಪ್ಪ ಮಾಡಬೇಕು, ಬಂದವರಿಗೆ ಉಪ್ಪಿಟ್ಟು ಕೊಡಬೇಕು. ಅವರು ತಿಂದು, ಕೈ ತೊಳೆದು, “ಮನೇಲಿ ಮಾತಾಡ್ಕೊಂಡು ಹೇಳ್ತೀವಿ” ಎಂದು ಹೋಗಬೇಕು. ಮೊದಲು ಬಂದದ್ದು ದೊಡ್ಡನೆಕ್ಕುಂದಿಯ ಕಡೆಯ ಚಿಕ್ಕ ವಯಸ್ಸಿನ ದಂಪತಿ. ಹಾಲ್ ಹಿಡಿಸಿತು, ಗಾಳಿ ಬೆಳಕು ಹಿಡಿಸಿತು. ಅಷ್ಟರಲ್ಲಿ ಕೆಳಗೆ ನಾಗಮ್ಮನ ಗಾಡಿ ಬಂತು.

“ಏನೇ ನಾಗೀ, ನಿನ್ನೆ ಕೊಟ್ಟ ಮೆಂತ್ಯ ದನಾನೂ ಮೂಸಾಕಿಲ್ಲ!”

“ನಿನ್ ಬಾಯಿಗೆ ಅದೇ ಜಾಸ್ತಿ ಬುಡು ಗೌರಕ್ಕ! ಕಟ್ಟು ಎಳ್ಕೊ!”

ಇದು ಇಬ್ಬರ ನಡುವಿನ ಮುದ್ದು. ನಾಗಮ್ಮ ಇವರನ್ನು ‘ಅಕ್ಕ’ ಎನ್ನುವುದು ಬರೀ ಬಾಯಿಮಾತಿಗಲ್ಲ. ಆದರೆ ಆ ಹುಡುಗಿ ಗಂಡನ ತೋಳು ಹಿಡಿದುಕೊಂಡು, “ಆಂಟಿ, ಇಲ್ಲಿ ದಿನಾ ಹೀಗೆ ಜಗಳ ಆಗುತ್ತಾ?” ಎಂದಳು. ನಾನು ಜಗಳವಲ್ಲವೆಂದು ಜಲ್ಲಿ ಮಿಷನ್ನಿನ ಇತಿಹಾಸ ಶುರುಮಾಡುವ ಹೊತ್ತಿಗೆ ಅವರು ಮೆಟ್ಟಿಲಿಳಿದಾಗಿತ್ತು.

ಎರಡನೆಯ ಸಲ ಬಂದವರು ಗಟ್ಟಿಗರು. ಜಗಳಕ್ಕೆ ಹೆದರುವವರಲ್ಲ, ಸ್ವತಃ ಆಡುತ್ತಲೇ ಬಂದರು. ಮಾತುಕತೆ ಚೆನ್ನಾಗಿ ಸಾಗಿತ್ತು. ಸೊಸೆಗೆ ನೆರವಾಗಬೇಕು ಎಂದು ಅತ್ತೆಗೆ ಅನಿಸಿತು. ನನ್ನನ್ನು ಹತ್ತಿರ ಕರೆದು, ಕಿವಿಗೆ ಬಾಯಿಟ್ಟು, ಸೆರಗು ಅಡ್ಡ ಹಿಡಿದು ಗುಟ್ಟಾಗಿ ಹೇಳಿದರು: “ಬಚ್ಚಲು ಸೋರೋದು ಯೋಳ್ಬ್ಯಾಡ ಕಣವ್ವ!” ಕೆಳಗಿನ ಮಹಡಿಯವರ ನಾಯಿ ಬೊಗಳಿತು. ಬಂದವರು ನೇರ ಬಚ್ಚಲಿಗೆ ಹೋದರು, ಅಲ್ಲಿಂದ ನೇರ ಬಾಗಿಲಿಗೆ. ಆಮೇಲೆ ಬಚ್ಚಲನ್ನು ರಿಪೇರಿ ಮಾಡಿಸಿದೆವು, ಆ ಮಾತು ಬೇರೆ.

ಶಿವು ತಲೆ ಕೆರೆದುಕೊಂಡ. “ಮೇಡಂ, ಬೇಜಾರ್ ಮಾಡ್ಕೋಬೇಡಿ. ಪಾರ್ಟಿ ಬಂದಾಗ ಅಜ್ಜಿ ವಾಲ್ಯೂಮ್ ಸ್ವಲ್ಪ ಕಮ್ಮಿ ಮಾಡ್ಸಕ್ಕಾಗುತ್ತಾ?” ಎಂದ. ಅವನು ನನಗೆ ಮೆಲ್ಲಗೇ ಹೇಳಿದ್ದು. ಅತ್ತೆಯ ಬಾಯಿ ದೊಡ್ಡದಾದರೂ ಕಿವಿ ಬೆಕ್ಕಿನಷ್ಟು ಚುರುಕು. “ಅಷ್ಟೇ ತಾನೆ? ಬಾಯಿ ಮುಚ್ಕಂಡಿರ್ತೀನಿ ಬುಡಪ್ಪ. ಮನೆ ಒಂದ್ ಓಗ್ಲಿ” ಎಂದುಬಿಟ್ಟರು. ಮುಂದಿನ ಭಾನುವಾರ ಬೆಳಗಿನಿಂದ ಸೆರಗನ್ನು ಬಾಯಿಗೆ ಒತ್ತಿ ಹಿಡಿದು, ಬಾಲ್ಕನಿಗೆ ಬೆನ್ನು ಮಾಡಿ ಕೂತರು. ಗೋಡೆ ಗಡಿಯಾರದ ಟಿಕ್ ಟಿಕ್ ಎಂಬ ಸದ್ದು ಆ ಮನೆಯಲ್ಲಿ ಅಂದೇ ಮೊದಲು ನನಗೆ ಕೇಳಿಸಿದ್ದು. ಅದೇನೂ ಹಿತವಾಗಿರಲಿಲ್ಲ.

ಬಂದವರು ಉಪ್ಪಿಟ್ಟಿನ ತಟ್ಟೆ ಕೈಗೆತ್ತಿಕೊಂಡಿದ್ದರು ಅಷ್ಟೆ. ಮೆಟ್ಟಿಲ ಮೇಲೆ ದಡದಡ ಸದ್ದು. ನಾಗಮ್ಮ ಗಾಡಿ ಬಿಟ್ಟು ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತಳು. ಅವಳ ಹಿಂದೆ ಹಾಲಿನವನು, ಅವನ ಹಿಂದೆ ಮುನಿರಾಜಣ್ಣನ ಹೆಂಡತಿ, ಅವರ ಹಿಂದೆ ಕೆಳಗಿನ ಎರಡೂ ಮಹಡಿಯವರು. “ಅಯ್ಯೋ ಗೌರಕ್ಕಾ! ಬೆಳಗ್ಗೆಯಿಂದ ಸದ್ದೇ ಇಲ್ಲ! ಓಗೇಬಿಟ್ಯಾ ಅಂದ್ಕಂಡೆ!” ಎಂದು ನಾಗಮ್ಮ ಅಳುವುದಕ್ಕೇ ಶುರುಮಾಡಿದಳು. ಬಂದವರು ತಟ್ಟೆ ಕೆಳಗಿಟ್ಟರು. ಸೆರಗು ಮುಚ್ಚಿ ಅಲುಗಾಡದೆ ಕೂತ ಅಜ್ಜಿ, ಅಳುವ ಹೆಂಗಸು, ಬಾಗಿಲ ತುಂಬ ಜನ. ಸಾವಾದ ಮನೆ ಎಂದು ತಿಳಿದು ಒಬ್ಬೊಬ್ಬರಾಗಿ ಚಪ್ಪಲಿ ಮೆಟ್ಟಿಕೊಂಡರು. ಅತ್ತೆಗೆ ಇನ್ನು ತಡೆಯಲಾಗಲಿಲ್ಲ. ಸೆರಗು ಕಿತ್ತೆಸೆದು, “ನಾನ್ ಸಾಯಾಕೆ ನಿನ್ ಮೆಂತ್ಯ ಸೊಪ್ಪೇ ಬೇಕೇನೇ!” ಎಂದು ಗುಡುಗಿದರು. ಇಡೀ ಕಟ್ಟಡ ನಕ್ಕಿತು. ಬಂದವರು ಮಾತ್ರ ನಗಲಿಲ್ಲ, ಏಕೆಂದರೆ ಅವರು ಇರಲಿಲ್ಲ. ಉಳಿದ ಉಪ್ಪಿಟ್ಟನ್ನು ನೆರೆಹೊರೆಯವರು ಖುಷಿಯಾಗಿ ತಿಂದು ಹೋದರು.

ಆ ರಾತ್ರಿ ನಾನು ಅತ್ತೆಗೆ, ಇನ್ನು ಮೇಲೆ ಬಾಯಿ ಮುಚ್ಚಬೇಡಿ, ಮನೆ ಹೋದರೆ ಹೋಗಲಿ ಇದ್ದರೆ ಇರಲಿ ಎಂದೆ. ನಮ್ಮವರು ‘ಹೂಂ’ ಎಂದರು. ನನಗೇನೋ ಸಮಾಧಾನವಾಯಿತು. ಆದರೆ ಯುಗಾದಿ ಹತ್ತಿರ ಬರುತ್ತಿತ್ತು. ಮುನಿರಾಜಣ್ಣನ ಮನೆಯ ಮುಂದೆ ಒಂದು ದೊಡ್ಡ ಕಾರು ಎರಡು ಸಲ ಬಂದು ನಿಂತದ್ದನ್ನು ಅತ್ತೆ ಬಾಲ್ಕನಿಯಿಂದ ನೋಡಿದ್ದರು. ಆ ಬಗ್ಗೆ ಅವರು ಏನೂ ಅನ್ನಲಿಲ್ಲ. ಅವರು ಏನಾದರೂ ಅನ್ನದಿದ್ದರೆ ಅದು ಗಾಬರಿಪಡಬೇಕಾದ ಸಂಗತಿ.

ತರಗತಿಯಲ್ಲಿ ಅನುಕರಣಾವ್ಯಯಗಳ ಪಾಠ ಬಂದರೆ ನನಗೆ ಹಬ್ಬ. ಪಿಸುಪಿಸು, ಗುಸುಗುಸು, ವಟವಟ, ಲೊಡಲೊಡ. ಇವೆಲ್ಲ ಯಾಕೆ ಮೇಡಂ ಎರಡೆರಡು ಸಲ ಬರುತ್ತವೆ ಎಂದು ಆ ವಾರ ಒಬ್ಬಳು ಹುಡುಗಿ ಕೇಳಿದಳು. ವ್ಯಾಕರಣದಲ್ಲಿ ಇದಕ್ಕೆ ಸರಿಯಾದ ಉತ್ತರವಿದೆ. ನಾನು ಅದನ್ನು ಬಿಟ್ಟು, ಮಾತಿಗೆ ಇಬ್ಬರು ಬೇಕಲ್ಲಮ್ಮ, ಒಂದು ಬಾಯಿಗೆ, ಇನ್ನೊಂದು ಕಿವಿಗೆ ಎಂದುಬಿಟ್ಟೆ. ಪರೀಕ್ಷೆಯಲ್ಲಿ ಹೀಗೆ ಬರೆದರೆ ಅಂಕ ಬರುವುದಿಲ್ಲ ಎಂದೂ ಸೇರಿಸಿದೆ.

ಯುಗಾದಿಗೆ ಮುಂಚಿನ ಕೊನೆಯ ಭಾನುವಾರ ಶಿವು ತಾಯಿ ಮಗಳನ್ನು ಕರೆತಂದ. ಮಗಳು ಶೈಲಜಾ ಪೀಣ್ಯದ ಗಾರ್ಮೆಂಟ್ಸ್ ಒಂದರಲ್ಲಿ ಕೆಲಸಕ್ಕಿದ್ದವಳು, ರಾಜಗೋಪಾಲನಗರದಲ್ಲಿ ಬಾಡಿಗೆ ಮನೆ. ತಾಯಿ ಸರೋಜಮ್ಮ ದೊಡ್ಡಬಳ್ಳಾಪುರದವರು. ಒಂದು ಆಯಸ್ಸನ್ನು ಪವರ್‌ಲೂಮಿನ ಮಗ್ಗದ ಮುಂದೆ ನಿಂತೇ ಕಳೆದವರು. ನಿಂತು ನಿಂತು ಕಾಲು ಗಟ್ಟಿಯಾಗಿತ್ತು. ಮೂರು ಮಹಡಿಯನ್ನು ಹುಡುಗಿಯ ಹಾಗೆ ಹತ್ತಿ ಬಂದರು. ಆದರೆ ಮಗ್ಗದ ಸದ್ದು ಅವರ ಕಿವಿಯನ್ನು ಕಿತ್ತುಕೊಂಡಿತ್ತು. “ಅಮ್ಮಂಗೆ ಕಿವಿ ಸರಿಯಾಗಿ ಕೇಳ್ಸಲ್ಲ ಮೇಡಂ. ಅದಕ್ಕೇ ಎಲ್ಲೂ ಯಾರ ಜೊತೇನೂ ಸೇರಲ್ಲ, ಸುಮ್ನೆ ಕೂತಿರ್ತಾಳೆ” ಎಂದಳು ಶೈಲಜಾ.

ನಾನು ಅವಳಿಗೆ ಅಡುಗೆಮನೆ ತೋರಿಸುತ್ತಿದ್ದೆ. ಬಚ್ಚಲು ಹಿಂದೆ ಸೋರುತ್ತಿತ್ತು, ರಿಪೇರಿಯಾಗಿದೆ ಎಂದು ನಾನೇ ಮೊದಲು ಹೇಳಿಬಿಟ್ಟೆ. ಅತ್ತೆ ಹೇಗೂ ಹೇಳುತ್ತಿದ್ದರು. ಆಗ ಬಾಲ್ಕನಿಯ ಕಡೆಯಿಂದ ಅತ್ತೆಯ ದನಿ ಬಂತು.

“ಏನವ್ವಾ ಅದು, ಡಬ್ಬೀಲಿ?”

“ಕಿವಿ ಮಿಷನ್ನು! ಹಾಕ್ಕೊಂಡ್ರೆ ಬರೀ ಗುಂಯ್ ಅನ್ನುತ್ತೆ. ಅದಕ್ಕೇ ಡಬ್ಬೀಲಿ ಮಡಗಿದೀನಿ!”

“ನಿಂದು ಕಿವಿ ಮಿಷನ್ನು, ನಂದು ಜಲ್ಲಿ ಮಿಷನ್ನು! ಕುಂತ್ಕೊ ಬಾ!”

ಶೈಲಜಾ ಕೈಯಲ್ಲಿದ್ದ ಲೋಟ ಹಿಡಿದುಕೊಂಡು ಹಾಗೆಯೇ ನಿಂತಳು. ಅವಳ ಅಮ್ಮ ಯಾವ ಯಂತ್ರದ ಹಂಗೂ ಇಲ್ಲದೆ ಕೇಳಿಸಿಕೊಳ್ಳುತ್ತಿದ್ದರು. ಮಗ್ಗ, ಮಿಷನ್ನು, ಸೊಸೆಯಂದಿರು, ಸೊಪ್ಪಿನ ರೇಟು, ಒಂದೂ ಬಿಡದೆ ಇಬ್ಬರೂ ಕೂಗಾಡಿದರು. ಕೂಗಿ ಮಾತಾಡಿದರೆ ಎಲ್ಲರೂ ಬೈದಂತೆ ಮಾತಾಡುತ್ತಾರೆ, ಈಯಮ್ಮ ಒಬ್ಬರೇ ಕೂಗಿದರೂ ಪ್ರೀತಿಯಿಂದ ಕೂಗುತ್ತಾರೆ ಎಂದು ಸರೋಜಮ್ಮ ಮಗಳಿಗೆ ಆಮೇಲೆ ಹೇಳಿದರಂತೆ. ಶೈಲಜಾ ಕಣ್ಣೊರೆಸಿಕೊಂಡು ನಕ್ಕಳು. ನಾನೂ ಒರೆಸಿಕೊಂಡೆ. ಈರುಳ್ಳಿ ಹೆಚ್ಚುತ್ತಿದ್ದೆ ಎಂದು ಹೇಳಬಹುದಿತ್ತು, ಹೆಚ್ಚುತ್ತಿರಲಿಲ್ಲ.

“ಶೈಲೂ, ಈ ಮನೆ ತಗೊ. ಇಲ್ಲಿ ಮಾತು ಕೇಳ್ಸುತ್ತೆ!” ಎಂದರು ಸರೋಜಮ್ಮ.

ಶಿವುವಿನ ಮುಖ ಅರಳಿತು. ಜಲ್ಲಿ ಮಿಷನ್ನಿನಲ್ಲಿ ಕಿವಿ ಮಿಷನ್ನಿನ ದೆಸೆಯಿಂದ ಅವನಿಗೆ ಕಮಿಷನ್ನು ಬರುವುದರಲ್ಲಿತ್ತು. ಅಷ್ಟರಲ್ಲಿ ಸರೋಜಮ್ಮನಿಗೆ ಏನೋ ಹೊಳೆಯಿತು. “ಅಲ್ಲ, ಮನೆ ನಾವು ತಗೊಂಡ್ರೆ ನೀವು ಹೊರಟೋಗ್ತೀರಾ?” ಅತ್ತೆ ಹೌದೆಂದರು. “ನೀವಿಲ್ದೆ ಇದ್ರೆ ಈ ಮನೇಲಿ ನಂಗೇನಿದೆ? ಬೇಡ ಶೈಲೂ, ನಡಿ” ಎಂದು ಆಯಮ್ಮ ಎದ್ದೇ ನಿಂತರು. ಅತ್ತೆಯ ದನಿಯಿಂದ ತಪ್ಪಿಹೋದ ವ್ಯಾಪಾರಗಳನ್ನು ನೋಡಿದ್ದೆ. ಅತ್ತೆಯ ದನಿ ಸಿಗುವುದಿಲ್ಲವೆಂದು ತಪ್ಪಿಹೋಗುವ ವ್ಯಾಪಾರವನ್ನು ಅಂದೇ ನೋಡಿದ್ದು.

ಅತ್ತೆ ಸರೋಜಮ್ಮನ ಕೈ ಹಿಡಿದು ಬಾಲ್ಕನಿಯ ಕಂಬಿಯ ಹತ್ತಿರ ಎಳೆದುಕೊಂಡರು. “ಅಗೋ ಕಾಣ್ತೈತಲ್ಲ ಜಗ್ಲಿ, ನಾವು ಓಗೋದು ಅಲ್ಗೇಯ! ರಸ್ತೆ ಆಚೆ!” ಎಂದರು. ಸರೋಜಮ್ಮ ಬಗ್ಗಿ ನೋಡಿದರು. ನಂಬಿಕೆ ಬರಲಿಲ್ಲ. “ಅಷ್ಟ್ ದೂರದಿಂದ ನಂಗೆ ಕೇಳ್ಸುತ್ತಾ?” ಎಂದರು.

“ಲೋ ಮಂಜಾ, ಕುರ್ಚಿ ತಗಾ!” ಎಂದು ಅತ್ತೆ ಮಗನನ್ನು ಕೂಗಿದರು.

ನಮ್ಮವರು ‘ಹೂಂ’ ಎಂದರು. ಪಕ್ಕದ ಮನೆಯವರು ಊರಲ್ಲಿರಲಿಲ್ಲವಾದ್ದರಿಂದ ಕುರ್ಚಿಯ ಇನ್ನೊಂದು ಪಕ್ಕಕ್ಕೆ ಶಿವುವೇ ಕೈ ಕೊಡಬೇಕಾಯಿತು. ಇಸ್ತ್ರಿ ಮಾಡಿದ ಅಂಗಿ ಬೆವರಲ್ಲಿ ತೊಯ್ದು, “ಗುರು, ಇಂಥ ಸೈಟ್ ವಿಸಿಟ್ ನಾನೆಲ್ಲೂ ಮಾಡಿಲ್ಲ ಕಣಪ್ಪಾ” ಎಂದು ತನಗೆ ತಾನೇ ಹೇಳಿಕೊಳ್ಳುತ್ತ ಅವನು ಒಂದೊಂದೇ ಮೆಟ್ಟಿಲಿಳಿದ. ಅತ್ತೆ ಅಂದು ಯಾವ ಬಾಗಿಲಲ್ಲೂ ನಿಲ್ಲಲಿಲ್ಲ. ರಸ್ತೆ ದಾಟಿಸಿ ಜಗಲಿಯ ಮೇಲೆ ಕೂರಿಸಿದಾಗ ಆ ಕಲ್ಲನ್ನು ಅಂಗೈಯಿಂದ ಸವರಿದರು. ಮುನಿರಾಜಣ್ಣ ಹೊರಗೆ ಬಂದು ಬೆರಗಾಗಿ ನಿಂತರು. ನಾಗಮ್ಮ ತಳ್ಳುಗಾಡಿಯನ್ನು ಅಲ್ಲೇ ನಿಲ್ಲಿಸಿದಳು. ನಾನು ಮೇಲೆ ಸರೋಜಮ್ಮನ ಪಕ್ಕದಲ್ಲಿದ್ದೆ.

“ಸರೋಜಮ್ಮೋ! ಕಾಫಿ ಆಯ್ತಾ?”

ಹೊಂಡದ ಬೇಲಿಯ ಮೇಲಿನ ಬೆಳ್ಳಕ್ಕಿ ಹಾರಿಹೋಯಿತು. ಸರೋಜಮ್ಮ ಎರಡೂ ಕೈಯಲ್ಲಿ ಕಂಬಿ ಹಿಡಿದು, ಮಗುವಿನ ಹಾಗೆ ನಗುತ್ತ ಉತ್ತರ ಕೊಟ್ಟರು. “ಆಯ್ತು! ನಿಮ್ದು?”

ಮುಂದಿನದನ್ನು ವಿವರಿಸುವುದಿಲ್ಲ. ಶೈಲಜಾ ಕೊಟ್ಟ ಮುಂಗಡವನ್ನು ಮುನಿರಾಜಣ್ಣನಿಗೆ ದಾಟಿಸಿ ಯುಗಾದಿಯ ಬೇವು ಬೆಲ್ಲವನ್ನು ಆ ಜಗಲಿಯ ಮೇಲೆಯೇ ತಿಂದೆವು, ಪತ್ರಗಳು ಆಮೇಲಾದವು ಎಂದರೆ ಸಾಕು. ಈಗ ಅತ್ತೆಗೆ ಜಗಲಿಯಿದೆ, ಕಡಲೆಕಾಯಿಯಿದೆ, ಮಡಿಲ ತುಂಬ ಸಿಪ್ಪೆಯಿದೆ. ಮೊದಲು ಮೇಲಿನಿಂದ ಕೆಳಗಿಳಿಯುತ್ತಿದ್ದ ಮಾತು ಈಗ ಕೆಳಗಿನಿಂದ ಮೇಲಕ್ಕೆ ಹತ್ತುತ್ತದೆ. ಮಾತಿಗೆ ಮಂಡಿನೋವಿಲ್ಲವಲ್ಲ. ಸರೋಜಮ್ಮನ ಕಿವಿ ಮಿಷನ್ನು ಡಬ್ಬಿಯಲ್ಲೇ ಇದೆ.

ಮೊನ್ನೆ ಮಳೆ ಬಿಟ್ಟ ಸಂಜೆ ನಾನೂ ಜಗಲಿಯ ಮೇಲಿದ್ದೆ. ಮೂರನೆಯ ಮಹಡಿಯಿಂದ ಸರೋಜಮ್ಮ ಬಗ್ಗಿ, “ಗೌರಮ್ಮಾ, ಬಚ್ಚಲು ಮತ್ತೆ ಸೋರ್ತಾ ಇದೆ!” ಎಂದರು. ಅತ್ತೆ ಗಾಬರಿಯಿಂದ ಅತ್ತ ಇತ್ತ ನೋಡಿ, ಸೆರಗು ಬಾಯಿಗೆ ಅಡ್ಡ ಹಿಡಿದು, ಕತ್ತೆತ್ತಿ ಹೇಳಿದರು: “ಮೆಲ್ಲಕ್ ಯೋಳವ್ವಾ! ನಾಕ್ ಜನ ಕೇಳಿಸ್ಕಂಡಾರು!”

ಮನೆ ಹುಡುಕುತ್ತ ಬಂದಿದ್ದ ಯಾರೋ ಗಂಡ ಹೆಂಡತಿ ಸ್ಕೂಟರು ನಿಲ್ಲಿಸಿದರು. “ಏನ್ ಮೇಡಂ, ಇಬ್ರಿಗೂ ಜಗಳಾನಾ?” ಎಂದು ನನ್ನನ್ನು ಕೇಳಿದರು.

“ಇಲ್ಲ ಕಣ್ರೀ, ಪಿಸುಗುಡ್ತಿದ್ದಾರೆ” ಎಂದೆ.